ಸವಣೂರು ಸುತ್ತಾಟಕ್ಕೆ ರೈಲೋ, ಕಾರೋ?

ಪ್ರಶ್ನೆ: ಬೆಂಗಳೂರಿನಿಂದ ಎರಡು ದಿನದ ಮಟ್ಟಿಗೆ ಮನೆಮಂದಿಯೆಲ್ಲ ಸವಣೂರು, ಹಾನಗಲ್ ಕಡೆ ಹೊರಟಿದ್ದೇವೆ. ರೈಲು ಒಳ್ಳೆಯದೋ, ಕಾರೋ?

ಉತ್ತರ: ಹಾವೇರಿಯವರೆಗೆ ರೈಲು, ಅಲ್ಲಿಂದ ಮುಂದೆ ಬಾಡಿಗೆ ಕಾರು. ಹುಬ್ಬಳ್ಳಿ ಕಡೆಯ ರಾತ್ರಿ ರೈಲು ಹತ್ತಿದರೆ ನಿದ್ದೆಯೂ ಆಯಿತು, ಪ್ರಯಾಣವೂ ಆಯಿತು. ಮುನ್ನೂರು ಕಿ.ಮೀ.ಗೂ ಮಿಕ್ಕಿ ಕಾರು ಓಡಿಸಿ ದಣಿದವರಿಗೆ ಗುಡಿ ನೋಡುವ ತಾಳ್ಮೆ ಎಲ್ಲಿ ಉಳಿದೀತು? ಆದರೆ ಹಾನಗಲ್ಲಿಗಾಗಲಿ ಶಿಗ್ಗಾವಿಗಾಗಲಿ ರೈಲು ಹಳಿಯೇ ಇಲ್ಲ. ಬಸ್ಸುಗಳಿವೆ, ಆದರೆ ಹಿರಿಯರು, ಮಕ್ಕಳು ಜೊತೆಗಿದ್ದರೆ ಹತ್ತಿ ಇಳಿಯುವುದರಲ್ಲೇ ಹೊತ್ತು ಹೋಗುತ್ತದೆ.

ಮೊದಲ ದಿನ ಬೆಳಿಗ್ಗೆಯೇ ಬಂಕಾಪುರದ ಕೋಟೆಗೆ ಹೋಗಿ. ಅಲ್ಲಿ ನವಿಲುಧಾಮವಿದೆ, ನಗರೇಶ್ವರ ಗುಡಿಯಿದೆ. ಜನ ಅದನ್ನು ಅರವತ್ತು ಕಂಬದ ಗುಡಿ ಎನ್ನುತ್ತಾರೆ. ಆಮೇಲೆ ಸವಣೂರು. ದೊಡ್ಡಹುಣಸೆ ಮಠದ ಆವರಣದಲ್ಲಿ ಆಫ್ರಿಕಾ ಮೂಲದ ಭಾರೀ ಮರಗಳು ನಿಂತಿವೆ. ಆನೆಯ ಚರ್ಮದಂಥ ಬೂದು ತೊಗಟೆ. ಕಾಂಡವನ್ನು ಒಬ್ಬರ ತೋಳಿಗೆ ತಬ್ಬಲಾಗದು. ಇಲ್ಲಿ ಅವಸರ ಮಾಡಬೇಡಿ. ಹಿಂದಿರುಗುವಾಗ ಸವಣೂರಿನ ಖಾರ, ವೀಳ್ಯದೆಲೆ ಕೊಳ್ಳದೆ ಬರಬೇಡಿ.

ಮರುದಿನ ಕನಕದಾಸರ ಹುಟ್ಟೂರು ಬಾಡ, ಬಳಿಕ ಹಾನಗಲ್ಲಿನ ತಾರಕೇಶ್ವರ ಗುಡಿ. ಅಲ್ಲಿ ತಲೆಯೆತ್ತಿ ನೋಡಿ: ಒಂದರೊಳಗೊಂದು ಇಳಿದುಬರುವ ಕಲ್ಲಿನ ಕಮಲ!

ಹುಬ್ಬಳ್ಳಿ, ದಾವಣಗೆರೆಯವರಾದರೆ ನೇರ ಸ್ವಂತ ಕಾರಿನಲ್ಲೇ ಹೊರಡಲಿ. ನೀವು ಮಾತ್ರ ರೈಲಿನ ಟಿಕೆಟ್ ಜೊತೆಗೇ ಹಾವೇರಿಯಲ್ಲಿ ಕಾರನ್ನೂ ಮೊದಲೇ ಗೊತ್ತುಮಾಡಿಕೊಳ್ಳಿ.