ಗಂಡ ತರಿಸಿದ ವಾದ್ಯ, ಹೆಂಡತಿ ಹಿಡಿದ ದಾರಿ

ಶ್ರಾವಣ ಶನಿವಾರದ ಭಜನೆ ಮುಗಿಸಿ ಬಂದು, ಕಾಲು ಚಾಚಿ ಕೂತಿದ್ದೆ. ಅಕ್ಕನ ಮಗಳು ತನ್ನ ಫೋನನ್ನು ನನ್ನ ಕಿವಿಯ ಹತ್ತಿರ ಹಿಡಿದು, "ಚಿಕ್ಕಮ್ಮ, ಇದನ್ನ ಹಾಡ್ತಿರೋರು ಯಾರು ಹೇಳಿ ನೋಡೋಣ" ಅಂದಳು. ಆರ್ಗನ್ನಿನ ದೀರ್ಘವಾದ ನಾದ, ಅದರ ಮೇಲೆ ತಗ್ಗಿದ ಹೆಣ್ಣು ದನಿ. ಜಗದೀಶ್ವರನನ್ನು ಕರೆಯುತ್ತಿದೆ. ರಾಗ ನಮ್ಮದಲ್ಲ, ಮಾತು ಮಾತ್ರ ನಮ್ಮದೇ. "ಯಾರೋ ಉತ್ತರದ ಕಡೆಯವರಿರಬೇಕು ಕಣೇ" ಅಂದೆ. ಹುಡುಗಿ ನಕ್ಕೇಬಿಟ್ಟಳು.

ಹಾಡಿದವರು ಅಮೆರಿಕದವರು. ಡೆಟ್ರಾಯಿಟ್ ಎಂಬ ಮೋಟಾರು ಕಾರ್ಖಾನೆಗಳ ಊರಿನಲ್ಲಿ 1937ರಲ್ಲಿ ಹುಟ್ಟಿದ, ಕಪ್ಪು ಜನಾಂಗದ ಹೆಣ್ಣುಮಗಳು. ಹೆಸರು ಆಲಿಸ್ ಕೋಲ್ಟ್ರೇನ್. ನಾಲ್ಕು ಮಕ್ಕಳ ತಾಯಿ. ಮೂವತ್ತು ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡಾಕೆ. ಆಮೇಲಿನ ನಲವತ್ತು ವರ್ಷ ಆಕೆಯ ಮನಸ್ಸು ಎಲ್ಲೆಲ್ಲಿ ಅಲೆಯಿತು, ಎಲ್ಲಿ ನೆಲೆನಿಂತಿತು ಎಂಬುದನ್ನು ತಿಳಿಯಲು ದಿನಚರಿ ಪುಸ್ತಕ ಬೇಕಾಗಿಲ್ಲ. ಆಕೆಯ ಧ್ವನಿಮುದ್ರಿಕೆಗಳನ್ನು ಒಂದಾದ ಮೇಲೊಂದು ಕೇಳಿದರೆ ಸಾಕು.

ಆಲಿಸ್‌ರ ತಾಯಿ ಚರ್ಚಿನ ಗಾಯನವೃಂದದಲ್ಲಿ ಹಾಡುತ್ತಿದ್ದರು. ಮಗಳು ಚಿಕ್ಕಂದಿನಲ್ಲೇ ಪಿಯಾನೋ ಕಲಿತು, ಚರ್ಚಿನ ಪ್ರಾರ್ಥನೆಗೆ ಆರ್ಗನ್ ನುಡಿಸತೊಡಗಿದಳು. ಅಲ್ಲಿಯ ಕಪ್ಪು ಜನರ ಚರ್ಚು ಎಂದರೆ ತುಟಿ ಮುಚ್ಚಿ ಕೂರುವ ಜಾಗವಲ್ಲ. ಒಬ್ಬರು ಎತ್ತಿಕೊಟ್ಟದ್ದನ್ನು ಎಲ್ಲರೂ ಹಿಡಿಯುತ್ತಾರೆ, ಚಪ್ಪಾಳೆ ತಟ್ಟುತ್ತಾರೆ, ಕಣ್ಣೀರು ಬಂದರೆ ನಾಚಿಕೆಯಿಲ್ಲ. ನಮ್ಮ ಏಕಾದಶಿ ಭಜನೆ ಕಂಡವರಿಗೆ ಇದು ಹೊಸದೇನಲ್ಲ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಮೇಲೆ ಜಾಝ್ ಸಂಗೀತದ ಸೆಳೆತ. ನಮ್ಮ ಕಚೇರಿಯಲ್ಲಿ ವಿದ್ವಾಂಸರು ಮನೋಧರ್ಮಕ್ಕೆ ತಕ್ಕಂತೆ ಸ್ವರ ಹಾಕುವುದಿಲ್ಲವೇ? ಜಾಝ್‌ನಲ್ಲೂ ಒಂದು ಎಳೆ ಹಿಡಿದು ಆ ಕ್ಷಣಕ್ಕೆ ತೋಚಿದ್ದನ್ನು ಬೆಳೆಸುತ್ತಾರೆ. ಇದನ್ನು ಅರಸಿ ಆಲಿಸ್ ಪ್ಯಾರಿಸ್‌ವರೆಗೂ ಹೋದರು, ಅಲ್ಲಿ ಬಡ್ ಪವೆಲ್ ಎಂಬ ದೊಡ್ಡ ಪಿಯಾನೋ ವಾದಕರಿಂದ ಕಲಿತರು. ಮೊದಲ ಮದುವೆ ನಿಲ್ಲಲಿಲ್ಲ. ಹೆಣ್ಣುಕೂಸನ್ನು ಎತ್ತಿಕೊಂಡು ಡೆಟ್ರಾಯಿಟ್‌ಗೆ, ತವರಿಗೆ ಮರಳಿದರು. ಆದರೆ ಪಿಯಾನೋ ಬಿಡಲಿಲ್ಲ. 1963ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ತಂಡದೊಂದಿಗೆ ನುಡಿಸುತ್ತಿದ್ದಾಗ ಜಾನ್ ಕೋಲ್ಟ್ರೇನ್ ಪರಿಚಯವಾಯಿತು.

ಸ್ಯಾಕ್ಸೊಫೋನ್ ಎಂದರೆ ನಮಗೆ ಕದ್ರಿ ಗೋಪಾಲನಾಥರು ಹೇಗೋ, ಜಾಝ್ ಲೋಕಕ್ಕೆ ಜಾನ್ ಹಾಗೆ. ಇಬ್ಬರೂ ಮಿತಭಾಷಿಗಳು. ಮದುವೆಯಾಯಿತು, ಮೂವರು ಗಂಡುಮಕ್ಕಳಾದರು. ಎರಡನೆಯವನಿಗೆ ಸಿತಾರಿನ ಪಂಡಿತ ರವಿಶಂಕರರ ನೆನಪಿಗೆ ರವಿ ಎಂದೇ ಹೆಸರಿಟ್ಟರು! ನ್ಯೂಯಾರ್ಕ್ ಹೊರವಲಯದ ಡಿಕ್ಸ್ ಹಿಲ್ಸ್‌ನ ಮನೆಯಲ್ಲಿ ಗಂಡ ಹೆಂಡತಿ ಸೇರಿ ಧ್ಯಾನ ಮಾಡುತ್ತಿದ್ದರು, ಪೂರ್ವದೇಶಗಳ ಗ್ರಂಥಗಳನ್ನು ಓದುತ್ತಿದ್ದರು. ಜಾನ್‌ರ ಅತಿ ಪ್ರಸಿದ್ಧ ಕೃತಿ 'ಎ ಲವ್ ಸುಪ್ರೀಮ್' ರೂಪುಗೊಂಡದ್ದು 1964ರಲ್ಲಿ, ಆ ಮನೆಯ ಮಹಡಿಯ ಕೋಣೆಯಲ್ಲಿ. ಕೆಳಗೆ ಆಲಿಸ್‌ರ ಮಡಿಲಲ್ಲಿ ಆಗಷ್ಟೇ ಹುಟ್ಟಿದ ಮೊದಲ ಗಂಡುಮಗು. ಮೇಲಿನ ಕೋಣೆಯ ಕಥೆಯನ್ನು ಎಲ್ಲರೂ ಬರೆದಿದ್ದಾರೆ. ಕೆಳಗಿನ ಕೋಣೆಯದನ್ನು ಯಾರು ಬರೆಯುತ್ತಾರೆ, ಹೇಳಿ?

1966ರಲ್ಲಿ ಗಂಡನ ತಂಡದಲ್ಲಿ ಪಿಯಾನೋ ನುಡಿಸುವ ಜಾಗ ತೆರವಾದಾಗ ಆಲಿಸ್ ಅಲ್ಲಿ ಕೂತರು. ಒಂದೂವರೆ ವರ್ಷವೂ ಪೂರ್ತಿ ಆಗಲಿಲ್ಲ. 1967ರ ಜುಲೈ 17ರಂದು ಯಕೃತ್ತಿನ ಕ್ಯಾನ್ಸರಿನಿಂದ ಜಾನ್ ತೀರಿಕೊಂಡರು. ವಯಸ್ಸು ಬರೀ ನಲವತ್ತು. ಕಡೆಯ ಮಗ ಇನ್ನೂ ಎಳೆಗೂಸು.

ಜಾನ್ ಬದುಕಿದ್ದಾಗಲೇ ಒಂದು ಹಾರ್ಪ್ ವಾದ್ಯಕ್ಕೆ ಹೇಳಿಟ್ಟಿದ್ದರಂತೆ. ಹಾರ್ಪ್ ಎಂದರೆ ಆಳೆತ್ತರದ ಚೌಕಟ್ಟಿಗೆ ನಲವತ್ತಕ್ಕೂ ಹೆಚ್ಚು ತಂತಿ ಬಿಗಿದ ವಾದ್ಯ, ಎರಡೂ ಕೈಯ ಬೆರಳುಗಳಿಂದ ಮೀಟಬೇಕು. ಹೇಳಿಟ್ಟದ್ದು ಮನೆಗೆ ಬಂದು ಸೇರುವ ಹೊತ್ತಿಗೆ ತರಿಸಿದವರು ಇರಲಿಲ್ಲ. ಆಲಿಸ್ ಅದನ್ನು ಮೂಲೆಗೆ ತಳ್ಳಲಿಲ್ಲ. ತಾವೇ ಕಲಿತರು.

ಆ ದಿನಗಳು ಸುಲಭದವಾಗಿರಲಿಲ್ಲ. ನಿದ್ದೆ ಹತ್ತದು, ಊಟ ಸೇರದು, ಮೈ ಇಳಿದುಹೋಯಿತು. ಕಣ್ಣಿಗೆ ಏನೇನೋ ಕಾಣುತ್ತಿತ್ತು, ಕಿವಿಗೆ ಕೇಳುತ್ತಿತ್ತು. ಬಂಧುಬಳಗದವರು ಗಾಬರಿಯಾದರು. ಹತ್ತು ವರ್ಷದ ನಂತರ, 1977ರಲ್ಲಿ ಬರೆದ 'ಮಾನ್ಯುಮೆಂಟ್ ಇಟರ್ನಲ್' ಎಂಬ ಪುಟ್ಟ ಪುಸ್ತಕದಲ್ಲಿ ಆಲಿಸ್ ಆ ಕಾಲವನ್ನು 'ತಪಸ್ಸು' ಎಂದು ಕರೆದಿದ್ದಾರೆ. ಅದು ತಪಸ್ಸೋ, ದುಃಖದಿಂದ ಬಂದ ಕಾಯಿಲೆಯೋ, ದೂರದಲ್ಲಿ ಕೂತ ನಾವು ತೀರ್ಪು ಕೊಡುವುದು ಬೇಡ. ಅಂಥ ರಾತ್ರಿಗಳನ್ನು ಕಳೆದವರಿಗೆ ಗೊತ್ತು. ನಾಲ್ಕು ಮಕ್ಕಳಿಗೆ ಬೆಳಿಗ್ಗೆ ತಿಂಡಿ ಆಗಲೇಬೇಕು, ಅದು ಮಾತ್ರ ನಿಜ.

ಇಲ್ಲಿಂದ ಧ್ವನಿಮುದ್ರಿಕೆಗಳು ಶುರು. ಮೊದಲನೆಯದು 1968ರ 'ಎ ಮೊನಾಸ್ಟಿಕ್ ಟ್ರಯೋ'. ಮನೆಯಲ್ಲೇ ಗಂಡ ಕಟ್ಟಿಸಲು ಹೊರಟಿದ್ದ ಸ್ಟುಡಿಯೋದಲ್ಲಿ ಮುದ್ರಿಸಿದ್ದು. ತಟ್ಟೆಯ ಒಂದು ಬದಿಯಲ್ಲಿ ಪಿಯಾನೋ, ಇನ್ನೊಂದು ಬದಿಯಲ್ಲಿ ಆ ಹಾರ್ಪ್. ಪಿಯಾನೋದಲ್ಲಿ ಚರ್ಚಿನ ನೆನಪು, ಹಾರ್ಪಿನಲ್ಲಿ ಬರೀ ಅಲೆ ಅಲೆ. ಕೇಳುತ್ತಿದ್ದರೆ ಮನೆಯಲ್ಲಿ ಯಾರೋ ಇಲ್ಲ ಎಂಬುದು ಗೊತ್ತಾಗುತ್ತದೆ.

ಆ ಹೊತ್ತಿಗೆ ಆಲಿಸ್‌ಗೆ ಸ್ವಾಮಿ ಸಚ್ಚಿದಾನಂದರ ಪರಿಚಯವಾಯಿತು. ಕೊಯಮತ್ತೂರಿನ ಕಡೆಯವರು, ಹೃಷೀಕೇಶದ ಶಿವಾನಂದರ ಶಿಷ್ಯರು, ಆಗ ನ್ಯೂಯಾರ್ಕಿನಲ್ಲಿ ಯೋಗ ಕಲಿಸುತ್ತಿದ್ದರು. ಅವರ ಹೆಸರನ್ನೇ ಹೊತ್ತ 'ಜರ್ನಿ ಇನ್ ಸಚ್ಚಿದಾನಂದ' ತಯಾರಾದದ್ದು 1970ರ ನವೆಂಬರಿನಲ್ಲಿ. ಅದು ಶುರುವಾಗುವುದೇ ತಂಬೂರಿಯ ಶ್ರುತಿಯಿಂದ! ಸೆಸಿಲ್ ಮೆಕ್‌ಬೀ ಅವರ ದಪ್ಪ ತಂತಿಯ ಬಾಸ್ ವಾದ್ಯ ಒಂದೇ ಪಲ್ಲವಿಯನ್ನು ಮತ್ತೆ ಮತ್ತೆ ಹೇಳುತ್ತದೆ, ತೊಟ್ಟಿಲು ತೂಗಿದ ಹಾಗೆ. ಅದರ ಮೇಲೆ ಹಾರ್ಪ್, ಆಮೇಲೆ ಫೆರೋ ಸ್ಯಾಂಡರ್ಸ್ ಅವರ ಸ್ಯಾಕ್ಸೊಫೋನ್. ಮೊದಲ ತಟ್ಟೆಯ ತಳಮಳ ಇಲ್ಲಿ ಒಂದು ನೆಲೆ ಕಂಡುಕೊಂಡಿದೆ. ಮುದ್ರಣ ಮುಗಿದ ಮುಂದಿನ ತಿಂಗಳೇ ಆಲಿಸ್ ಗುರುಗಳ ಜೊತೆ ಭಾರತಕ್ಕೆ ಬಂದರು.

ಹೋಗಿ ಬಂದ ಮೇಲೆ ಶಾಂತವಾದರು ಅಂದುಕೊಂಡಿರಾ? ಆದದ್ದು ಉಲ್ಟಾ. 1971ರ 'ಯೂನಿವರ್ಸಲ್ ಕಾನ್ಷಿಯಸ್‌ನೆಸ್' ಕೇಳಿದರೆ ಎದೆ ನಡುಗುತ್ತದೆ. ಪಿಟೀಲುಗಳು ಕಿರುಚುತ್ತವೆ, ಆರ್ಗನ್ ಸುಂಟರಗಾಳಿಯಂತೆ ಸುತ್ತುತ್ತದೆ. ನಾನಂತೂ ಮೊದಲ ಸಲ ಅರ್ಧಕ್ಕೇ ನಿಲ್ಲಿಸಿಬಿಟ್ಟೆ. ದೇವರನ್ನು ಹುಡುಕುವುದು ಯಾವಾಗಲೂ ತಣ್ಣಗೆ ಊದುಬತ್ತಿ ಹಚ್ಚಿದಷ್ಟು ಸಲೀಸಲ್ಲ ಅಂತ ಎರಡನೇ ಸಲ ಕೇಳಿದಾಗ ಅನ್ನಿಸಿತು. ಒಂದು ಮಾತು ಗಮನಿಸಿ: ಚಿಕ್ಕಂದಿನಲ್ಲಿ ಚರ್ಚಿನಲ್ಲಿ ನುಡಿಸುತ್ತಿದ್ದ ಆರ್ಗನ್ ಇಲ್ಲಿ ಮತ್ತೆ ಕೈಗೆ ಬಂದಿದೆ.

1972ರಲ್ಲಿ ಆಲಿಸ್ ಒಂದು ದೊಡ್ಡ ಬೈಗುಳಕ್ಕೆ ತುತ್ತಾದರು. ಗಂಡ ನುಡಿಸಿಟ್ಟುಹೋದ ಹಳೆಯ ಮುದ್ರಣಗಳಿಗೆ ತಾವೇ ಪಿಟೀಲು ವೃಂದ, ಹಾರ್ಪ್, ಆರ್ಗನ್ ಸೇರಿಸಿ 'ಇನ್‌ಫಿನಿಟಿ' ಎಂಬ ಹೆಸರಿನಲ್ಲಿ ಹೊರತಂದರು. ಜಾನ್‌ರ ಅಭಿಮಾನಿಗಳು ಸಿಡಿದೆದ್ದರು, ಮಹಾತ್ಮನ ಕೆಲಸವನ್ನು ಕೆಡಿಸಿದಳು ಎಂದರು. ನನ್ನನ್ನು ಕೇಳಿದರೆ, ಆ ಪಿಟೀಲುಗಳು ಕೆಲವು ಕಡೆ ಜಾಸ್ತಿಯಾಗಿವೆ, ಪಾಯಸಕ್ಕೆ ಸಕ್ಕರೆ ಹೆಚ್ಚಾದ ಹಾಗೆ. ಆದರೂ ಬೈದವರ ಮಾತಿನ ಧಾಟಿ ನೋಡಿ. ಆಕೆ ಜಾನ್ ತಂಡದ ಪಿಯಾನೋ ವಾದಕಿ, ಅದೇ ಮನೆಯಲ್ಲಿ ಅದೇ ಧ್ಯಾನ ಮಾಡಿದಾಕೆ. ಅವರ ಕಣ್ಣಿಗೆ ಬಿದ್ದದ್ದು ಮಾತ್ರ ಗಂಡನ ಬೀರುವಿಗೆ ಕೈ ಹಾಕಿದ ಹೆಂಡತಿ! ಸಂಗೀತ ಲೋಕದಲ್ಲಿ ಆಕೆಗೆ ಸಲ್ಲಬೇಕಾದ ಮಾನ ಪೂರ್ತಿಯಾಗಿ ಸಲ್ಲಲು ಆಮೇಲೆ ದಶಕಗಳೇ ಬೇಕಾದವು.

ಆಲಿಸ್ ಜಗಳಕ್ಕೆ ನಿಲ್ಲಲಿಲ್ಲ. ಮಕ್ಕಳನ್ನು ಕರೆದುಕೊಂಡು ದೇಶದ ಇನ್ನೊಂದು ತುದಿಗೆ, ಕ್ಯಾಲಿಫೋರ್ನಿಯಾಕ್ಕೆ ಹೊರಟುಹೋದರು. ಕಾವಿ ಉಟ್ಟರು. ತುರೀಯಸಂಗೀತಾನಂದ ಎಂಬ ಹೆಸರಾಯಿತು. ವೇದಾಂತ ಕೇಂದ್ರ ಕಟ್ಟಿದರು, ಪುಟ್ಟಪರ್ತಿಯ ಸತ್ಯಸಾಯಿ ಬಾಬಾ ಅವರಲ್ಲಿ ಭಕ್ತಿಯಿಟ್ಟರು. ಸಂನ್ಯಾಸ ಎಂದ ಮಾತ್ರಕ್ಕೆ ಮಕ್ಕಳನ್ನು ಬಿಟ್ಟು ಹೋದರೆಂದು ಭಾವಿಸಬೇಡಿ. ಮಕ್ಕಳು ಜೊತೆಯಲ್ಲೇ ಬೆಳೆದರು.

ಅದಕ್ಕೆ ಸಾಕ್ಷಿ 1977ರ 'ರಾಧಾಕೃಷ್ಣ ನಾಮಸಂಕೀರ್ತನ' ಎಂಬ ತಟ್ಟೆ. ದೊಡ್ಡ ಕಂಪನಿಯೊಂದು ಹೊರತಂದದ್ದು, ಒಳಗೆ ಮಾತ್ರ ನಾವು ನೀವು ಹೇಳುವ ನಾಮಾವಳಿಗಳೇ. ಗಣೇಶ, ಗೋವಿಂದ, ಶಿವ. ಜೊತೆಗೆ ಹಾಡುವವರು ಆಕೆಯ ಶಿಷ್ಯರು. ಕೊನೆಯಲ್ಲಿ 'ಓಂ ನಮಃ ಶಿವಾಯ' ಇದೆ, ಹತ್ತೊಂಬತ್ತು ನಿಮಿಷದ್ದು. ಅದರಲ್ಲಿರುವವರು ಇಬ್ಬರೇ. ಆರ್ಗನ್ ಮುಂದೆ ತಾಯಿ, ಡ್ರಮ್ ಮುಂದೆ ದೊಡ್ಡ ಮಗ ಜಾನ್ ಜೂನಿಯರ್, ಹನ್ನೆರಡರ ಆಸುಪಾಸಿನ ಹುಡುಗ. ತಾಯಿ ಓಡಿದ ಕಡೆಗೆಲ್ಲ ಹಿಂದೆಯೇ ಓಡುತ್ತಾನೆ. ಕೆಲವೊಮ್ಮೆ ತಾನೇ ಮುಂದೆ ಹೋಗಿಬಿಡುತ್ತಾನೆ.

1978ರ ನಂತರ ಆಲಿಸ್ ಕಂಪನಿಗಳ ಸಹವಾಸವನ್ನೇ ಬಿಟ್ಟರು. ಪತ್ರಿಕೆಗಳ ಮಟ್ಟಿಗೆ ಕಾಣೆಯಾದರು ಎನ್ನಬೇಕು. ಆದರೆ ಸಂಗೀತ ನಿಂತಿರಲಿಲ್ಲ. 1982ರಲ್ಲಿ 'ತುರೀಯ ಸಿಂಗ್ಸ್' ಎಂಬ ಕ್ಯಾಸೆಟ್ ಹೊರಬಂತು. ಅಂಗಡಿಗಾಗಿ ಮಾಡಿದ್ದಲ್ಲ, ತಮ್ಮ ಭಕ್ತವೃಂದಕ್ಕೆ. ಒಂಬತ್ತು ಹಾಡುಗಳು. ಅಷ್ಟು ತಟ್ಟೆಗಳಲ್ಲಿ ಪಿಯಾನೋ, ಹಾರ್ಪ್, ಆರ್ಗನ್ನುಗಳ ಹಿಂದೆ ಇದ್ದವರು ಇಲ್ಲಿ ಮೊದಲ ಬಾರಿಗೆ ಒಂಟಿಯಾಗಿ ತಮ್ಮ ಕಂಠವನ್ನೇ ಮುಂದಿಟ್ಟರು. ನಲವತ್ತು ದಾಟಿದ ಮೇಲೆ! ತಗ್ಗಿದ, ಆಡಂಬರವಿಲ್ಲದ ದನಿ. ಗಮಕವಿಲ್ಲ, ಸಂಗತಿಯಿಲ್ಲ.

ಅದೇ 1982ರಲ್ಲಿ ಡ್ರಮ್ ನುಡಿಸಿದ ಆ ಮಗ ಕಾರು ಅಪಘಾತದಲ್ಲಿ ಹೋಗಿಬಿಟ್ಟ. ಆ ಶೋಕದಲ್ಲೇ ಹುಟ್ಟಿದ ಹಾಡುಗಳಿವು ಎಂದು ಕಥೆ ಕಟ್ಟಬಹುದಿತ್ತು. ಆದರೆ ಅವು ಮುದ್ರಣವಾದದ್ದು ಹಿಂದಿನ ವರ್ಷ. ಗಂಡ ಹೋದಾಗ ನಿದ್ದೆಗೆಟ್ಟು ಕರಗಿಹೋಗಿದ್ದ ಹೆಂಗಸು ಈ ಸಲ ಕುಸಿದು ಮೂಲೆ ಸೇರಲಿಲ್ಲ. ಮರುವರ್ಷ, 1983ರಲ್ಲಿ, ಲಾಸ್ ಏಂಜಲೀಸ್ ಸಮೀಪದ ಅಗೋರಾ ಹಿಲ್ಸ್ ಗುಡ್ಡಗಳ ನಡುವೆ ಆಶ್ರಮ ಸ್ಥಾಪನೆಯಾಯಿತು. ಒಳಗೆ ಹೇಗಿತ್ತೋ ಮನಸ್ಸು, ತಾಯಂದಿರು ಊಹಿಸಿಕೊಳ್ಳಬಹುದು.

ಆಶ್ರಮದಲ್ಲಿ ಭಾನುವಾರದ ಭಜನೆ. ಬಿಳಿ ಬಟ್ಟೆ ತೊಟ್ಟ ಸಾಧಕರು, ಆರ್ಗನ್ ಮುಂದೆ ಆಲಿಸ್. 'ಡಿವೈನ್ ಸಾಂಗ್ಸ್', 'ಇನ್‌ಫಿನಿಟ್ ಚಾಂಟ್ಸ್', 'ಗ್ಲೋರಿಯಸ್ ಚಾಂಟ್ಸ್' ಎಂದು 1987ರಿಂದ 1995ರೊಳಗೆ ಇನ್ನೂ ಮೂರು ಕ್ಯಾಸೆಟ್ ಬಂದವು. ಇವನ್ನು ಕೇಳಿದಾಗ ನಮ್ಮ ಭಜನಾ ಮಂಡಲಿಯ ಹಿರಿಯರೊಬ್ಬರು, "ಇದೇನ್ರೀ, ಕೃಷ್ಣನ ಹೆಸರು ಹಿಡಿದು ಚರ್ಚಿನವರ ಹಾಗೆ ಕೂಗ್ತಾರಲ್ಲ" ಅಂದುಬಿಟ್ಟರು. ಆಕ್ಷೇಪವಾಗಿಯೇ ಅಂದದ್ದು, ಆದರೆ ಅವರ ಕಿವಿ ಸರಿಯಾಗಿಯೇ ಹಿಡಿದಿತ್ತು. ನೆನಪಿಟ್ಟುಕೊಳ್ಳಿ ಎಂದಿದ್ದೆನಲ್ಲ, ಆ ಡೆಟ್ರಾಯಿಟ್ ಚರ್ಚು, ಎತ್ತಿಕೊಡುವ ಒಂದು ದನಿ, ಹಿಡಿಯುವ ಹತ್ತು ದನಿ, ಚಪ್ಪಾಳೆ? ಎಲ್ಲವೂ ಇಲ್ಲಿದೆ. ದೇವರ ಹೆಸರು ಬದಲಾಗಿದೆ, ಹಾಡುವ ರೀತಿ ತವರಿನದೇ. ತವರನ್ನು ಬಿಟ್ಟು ಎಷ್ಟು ದೂರ ಹೋದರು ಅಂತ ತಟ್ಟೆ ತಟ್ಟೆಗೂ ಅನ್ನಿಸುತ್ತಿತ್ತು. ಇಲ್ಲಿ ನೋಡಿದರೆ ತವರನ್ನೇ ಜೊತೆಗೆ ತಂದಿದ್ದಾರೆ.

ಸ್ಯಾಕ್ಸೊಫೋನ್ ವಾದಕನಾಗಿ ಬೆಳೆದ ಮಗ ರವಿ ಒತ್ತಾಯ ಮಾಡಿದ್ದರಿಂದ ತಾಯಿ ಮತ್ತೊಮ್ಮೆ ಸ್ಟುಡಿಯೋಕ್ಕೆ ಬಂದರು. 2004ರಲ್ಲಿ 'ಟ್ರಾನ್ಸ್‌ಲೀನಿಯರ್ ಲೈಟ್' ಹೊರಬಂತು, ಇಪ್ಪತ್ತಾರು ವರ್ಷದ ನಂತರ. ಗಂಡನ ಸ್ವರಗಳು, ಚರ್ಚಿನ ಹಾಡು, ಭಜನೆ, ಮೂರೂ ಅಲ್ಲಿ ಅಕ್ಕಪಕ್ಕ ಕೂತಿವೆ. 2007ರ ಜನವರಿ 12ರಂದು, 69ನೆಯ ವಯಸ್ಸಿನಲ್ಲಿ ಆಲಿಸ್ ತೀರಿಕೊಂಡರು. ಆಶ್ರಮದ ಕಟ್ಟಡಗಳು 2018ರ ನವೆಂಬರಿನ ಕಾಳ್ಗಿಚ್ಚಿನಲ್ಲಿ ಸುಟ್ಟುಹೋದವು.

ಕ್ಯಾಸೆಟ್ಟುಗಳು ಉಳಿದವು. 2017ರಲ್ಲಿ ಅವುಗಳಿಂದ ಆಯ್ದ ಹಾಡುಗಳು ತಟ್ಟೆಯಾಗಿ ಬಂದಾಗ, ಜಗತ್ತಿನ ಕಿವಿಗೆ ಅವು ಹೊಸದಾಗಿ ಬಿದ್ದವು. ಆಮೇಲೆ 2021ರಲ್ಲಿ, 'ತುರೀಯ ಸಿಂಗ್ಸ್'ನ ಮೇಲೆ ಹೊದಿಸಿದ್ದ ಪಿಟೀಲು, ಸಿಂಥಸೈಜರ್ ಏನೂ ಇಲ್ಲದ, ಬರೀ ಆರ್ಗನ್ ಮತ್ತು ಕಂಠ ಇರುವ ಮೂಲ ಮುದ್ರಣವನ್ನು ರವಿ ಹೊರತಂದರು. ಅಂದು ಅಕ್ಕನ ಮಗಳು ನನ್ನ ಕಿವಿಗೆ ಹಿಡಿದದ್ದು ಇದನ್ನೇ.

ಕೇಳಬೇಕೆನಿಸಿದವರಿಗೆ ಒಂದು ಮಾತು: ಮೊದಲು ಈ 'ಕೀರ್ತನ್: ತುರೀಯ ಸಿಂಗ್ಸ್' ಕೇಳಿ. ಆಮೇಲೆ 'ಜರ್ನಿ ಇನ್ ಸಚ್ಚಿದಾನಂದ'. ತಾಯಿ ಮಗನ 'ಓಂ ನಮಃ ಶಿವಾಯ'ಕ್ಕೆ ಪುರುಸೊತ್ತು ಬೇಕು, ಒಲೆಯ ಮೇಲೆ ಹಾಲಿಟ್ಟು ಕೂರಬೇಡಿ. 'ಯೂನಿವರ್ಸಲ್ ಕಾನ್ಷಿಯಸ್‌ನೆಸ್' ಕೊನೆಗೆ ಇರಲಿ, ಅದೂ ಮನೆಯಲ್ಲಿ ಯಾರೂ ಮಲಗಿಲ್ಲದ ಹೊತ್ತಿನಲ್ಲಿ.