ಹತ್ತಿಯಿಂದ ಮೊದಲಾದ ಪಾಠ

ಪಠ್ಯಕ್ರಮವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ವಿಷಯಗಳ ಒಂದು ಪಟ್ಟಿ, ಅದರ ಎದುರಿಗೆ ವಾರದಲ್ಲಿ ಇಷ್ಟು ಅವಧಿ ಎಂಬ ಒಂದು ಅಂಕಿ. ಆ ಪಟ್ಟಿಯನ್ನು ಬದಿಗಿಟ್ಟು ನಡೆದ ಒಂದು ಸಣ್ಣ ಖಾಸಗಿ ಪ್ರಾಥಮಿಕ ಶಾಲೆಯ ವಿಚಾರವನ್ನು ಈ ಹೊತ್ತು ತಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ. 1896ರ ಜನವರಿಯಲ್ಲಿ ಅಮೆರಿಕದ ಷಿಕಾಗೋ ನಗರದ ಒಂದು ಮನೆಯಲ್ಲಿ, 16 ಮಕ್ಕಳು ಮತ್ತು ಇಬ್ಬರು ಉಪಾಧ್ಯಾಯರೊಡನೆ ಅದು ಆರಂಭವಾಯಿತು. ತೆರೆದವರು ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಜಾನ್ ಡ್ಯೂಯಿ. ಮುಂದೆ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಅಂಬೇಡ್ಕರರಿಗೆ ಗುರುಗಳಾಗಿದ್ದವರು ಇವರೇ ಎಂದರೆ ಕೇಳುಗರಿಗೆ ಹೆಸರು ಹತ್ತಿರವಾದೀತು.

ಶಾಲೆಗೆ ಬೇಕಾದ ಮೇಜು ಕುರ್ಚಿಗಳಿಗಾಗಿ ಡ್ಯೂಯಿಯವರು ಅಂಗಡಿಯಿಂದ ಅಂಗಡಿಗೆ ಅಲೆದರಂತೆ. ಮನಸ್ಸಿಗೆ ಒಪ್ಪುವಂಥದು ಎಲ್ಲಿಯೂ ದೊರೆಯಲಿಲ್ಲ. ಕೊನೆಗೆ, ಉಳಿದವರಿಗಿಂತ ಚುರುಕಾಗಿದ್ದ ಒಬ್ಬ ವ್ಯಾಪಾರಿ ಅವರ ತೊಡಕನ್ನು ಬಿಡಿಸಿ ಹೇಳಿದ: ತಮಗೆ ಬೇಕಾದದ್ದು ಮಕ್ಕಳು ಕೆಲಸ ಮಾಡುವ ಮೇಜು, ನಮ್ಮಲ್ಲಿರುವುದೆಲ್ಲ ಕುಳಿತು ಕೇಳುವ ಮೇಜು, ಎಂದು. ಶಿಕ್ಷಣವನ್ನು ಕುರಿತ ಎಷ್ಟೋ ಉದ್ಗ್ರಂಥಗಳಲ್ಲಿ ಸಿಗದ ಸ್ಪಷ್ಟತೆ ಆ ವ್ಯಾಪಾರಿಯ ಮಾತಿನಲ್ಲಿದೆ ಎಂದು ನನಗೆ ತೋರುತ್ತದೆ.

ಹಾಗಾದರೆ ಆ ಮೇಜಿನ ಮೇಲೆ ನಡೆದ ಕೆಲಸವಾದರೂ ಯಾವುದು? ಅಡುಗೆ, ಹೊಲಿಗೆ, ನೇಯ್ಗೆ, ಮರಗೆಲಸ. ಅನ್ನ, ಬಟ್ಟೆ, ಸೂರು ಎಂಬ ಮನುಷ್ಯನ ಮೂರು ಅಗತ್ಯಗಳನ್ನು ಹಿಡಿದು ಉಳಿದುದೆಲ್ಲವನ್ನೂ ಅವುಗಳಿಂದ ಹೊರಡಿಸಬೇಕೆಂಬುದು ಅಲ್ಲಿಯ ಯೋಜನೆ. ಆರು ವರ್ಷದವರು ಮನೆಯಿಂದ ಹೊರಟು, ಮನೆಗೆ ಧಾನ್ಯ ಒದಗಿಸುವ ಹೊಲದವರೆಗೆ ಹೋಗುತ್ತಿದ್ದರು. ಏಳರವರು ಗುಹೆಯ ಕಾಲದಿಂದ ಮೊದಲುಮಾಡಿ ಮನುಷ್ಯ ಬೆಂಕಿಯನ್ನೂ ಆಯುಧವನ್ನೂ ಕಂಡುಕೊಂಡ ಬಗೆಯನ್ನು ತಾವೇ ಮಾಡಿ ನೋಡುತ್ತಿದ್ದರು. ಎಂಟರವರಿಗೆ ಫಿನೀಷಿಯದ ವರ್ತಕರು, ಸಮುದ್ರಯಾನಿಗಳು. ಒಂಬತ್ತರವರಿಗೆ ತಮ್ಮ ಊರಾದ ಷಿಕಾಗೋ. ಗುಹೆಯಿಂದ ನಗರಕ್ಕೆ ಏರುವ ಈ ಏಣಿಯಲ್ಲಿ ಇಂದಿಗೂ ಕಾಡಿನಲ್ಲಿ ಬಾಳುತ್ತಿರುವ ಜನರನ್ನು ಕೆಳಗಿನ ಮೆಟ್ಟಿಲಲ್ಲಿ ನಿಲ್ಲಿಸಿಬಿಡುವ ಅಪಾಯವಿದೆ. ಆ ಕಾಲದ ಚಿಂತನೆಯ ಮಿತಿ ಅದು. ಆದರೆ ಕೈ ಕೆಲಸದಲ್ಲಿ ತೊಡಗಿದಾಗ ಏನಾಯಿತೆಂಬುದನ್ನು ನೋಡಬೇಕು.

ಮಕ್ಕಳಿಗೆ ಕುರಿಯ ಮೈಯಿಂದ ಕತ್ತರಿಸಿ ತಂದ ಉಣ್ಣೆಯನ್ನೂ, ನಾರಗಸೆಯನ್ನೂ, ಹತ್ತಿಯ ಕಾಯಿಯನ್ನೂ ಇದ್ದಂತೆಯೇ ಕೊಡಲಾಯಿತು. ಒಂದು ಗುಂಪು 30 ನಿಮಿಷ ಕುಳಿತು ಬೀಜದಿಂದ ಅರಳೆ ಬಿಡಿಸಿತು. ದೊರೆತದ್ದು ಒಂದು ಔನ್ಸ್‌ಗಿಂತಲೂ, ಎಂದರೆ ಸುಮಾರು 28 ಗ್ರಾಮಿಗಿಂತಲೂ ಕಡಿಮೆ! ತಮ್ಮ ಪೂರ್ವಿಕರು ಹತ್ತಿಯನ್ನು ಬಿಟ್ಟು ಉಣ್ಣೆಯನ್ನು ಉಟ್ಟದ್ದೇಕೆಂಬುದು ಆ ಪುಟ್ಟ ಬೆರಳುಗಳಿಗೆ ತಿಳಿದುಹೋಯಿತು. ಬಳಿಕ ಎಳೆಗಳನ್ನು ಹೋಲಿಸಿದರು. ಹತ್ತಿಯ ಎಳೆ ಗಿಡ್ಡ, ನುಣುಪು. ಉಣ್ಣೆಯದು ಉದ್ದ, ಒರಟು, ಒಂದನ್ನೊಂದು ಹಿಡಿದುಕೊಂಡು ಸುಲಭವಾಗಿ ನೂಲಾಗುವಂಥದು. ಈ ಕಾರಣ ಮಕ್ಕಳು ಹೇಳುವವರೆಗೆ ತಮಗೂ ತಿಳಿದಿರಲಿಲ್ಲವೆಂದು ಡ್ಯೂಯಿ ಬರೆದಿದ್ದಾರೆ. ಚರಿತ್ರೆ, ಭೂಗೋಳ, ಸಸ್ಯಶಾಸ್ತ್ರ ಎಲ್ಲವೂ ಒಂದು ಹಿಡಿ ಹತ್ತಿಯಲ್ಲಿ ಕೂಡಿಬಂದವು.

ಇಲ್ಲಿ ಒಂದು ಮಾತು. ಇದೇ ಪಾಠವನ್ನು ಧಾರವಾಡದ ಎರೆಸೀಮೆಯ ಒಂದು ಶಾಲೆಯಲ್ಲಿ ಮಾಡಿದರೆ ಆ ಉತ್ತರ ಬರುವುದಿಲ್ಲ. ಮೊಹೆಂಜೊದಾರೋದ ಕಾಲಕ್ಕೇ ನಾವು ಹತ್ತಿ ನೂತವರು. ಎರಡು ಉರುಳೆಗಳ ನಡುವೆ ಹತ್ತಿಯನ್ನು ಹಾಯಿಸಿ ಬೀಜ ಬೇರ್ಪಡಿಸುವ ಕೈಯಂತ್ರ ನಮ್ಮಲ್ಲಿ ಬಹು ಹಳೆಯದು. ಅಮೆರಿಕದ ಗಿಡ್ಡ ಎಳೆಯ ಹತ್ತಿಗೆ ಒದಗಿದ ವಿಟ್ನಿಯ ಯಂತ್ರ ಬಂದದ್ದು 1793ರಲ್ಲಿ. ನಮ್ಮ ಮಗು ಕೇಳಬೇಕಾದ ಪ್ರಶ್ನೆ, ಅಜ್ಜಂದಿರು ಹತ್ತಿಯನ್ನೇಕೆ ಉಡಲಿಲ್ಲ ಎಂಬುದಲ್ಲ. ಉಡುವಷ್ಟು ನೂಲನ್ನು ಹೇಗೆ ತೆಗೆದರು, ಆ ನೂಲುವವರ ಕೈ ಯಾವಾಗ ಬರಿದಾಯಿತು ಎಂಬುದು. ಹೆಸರಾಂತ ಶಾಲೆಯ ಪಠ್ಯಕ್ರಮವನ್ನು ಪೆಟ್ಟಿಗೆಯಲ್ಲಿ ತುಂಬಿ ಬೇರೆ ಊರಿಗೆ ಮಾರುವ ಈ ದಿನಗಳಲ್ಲಿ ಇದನ್ನು ನೆನೆಯಬೇಕೆನಿಸುತ್ತದೆ. ಷಿಕಾಗೋದ ಪಾಠ ಇಲ್ಲಿಗೆ ಬಂದರೆ ಅದರ ಹತ್ತಿ ಮಾತ್ರ ಬರುತ್ತದೆ, ಪ್ರಶ್ನೆ ಬರುವುದಿಲ್ಲ.

ಅಡುಗೆಯ ಪಾಠವೂ ಅಷ್ಟೇ ಸ್ವಾರಸ್ಯದ್ದು. ತರಕಾರಿಯಿಂದ ಮಾಂಸಕ್ಕೆ ಹೋಗುವ ನಡುವೆ ಮಕ್ಕಳು ಮೊಟ್ಟೆಯನ್ನು ಕೈಗೆತ್ತಿಕೊಂಡು, ನೀರಿನ ಬಿಸಿ ಏರಿದಂತೆ ಅದರ ಬಿಳಿಯ ಭಾಗ ಹೇಗೆ ಗಟ್ಟಿಯಾಗುತ್ತದೆಂದು ಪರೀಕ್ಷಿಸಿದರು. ಇಷ್ಟೆಲ್ಲ ಕಷ್ಟವೇಕೆ, ಪಾಕಪುಸ್ತಕ ನೋಡಿ ಮಾಡಿದರಾಗದೇ ಎಂದು ಒಂದು ಮಗು ತಾಳ್ಮೆಗೆಟ್ಟಿತು. ಉಪಾಧ್ಯಾಯರು ಗದರಿಸಲಿಲ್ಲ; ಆ ಪುಸ್ತಕದೊಳಕ್ಕೆ ಅಡುಗೆಯ ಕ್ರಮ ಬಂದದ್ದಾದರೂ ಎಲ್ಲಿಂದ ಎಂದು ಕೇಳಿದರು. ಮಾತು ಬೆಳೆದು, ಮಕ್ಕಳು ಪ್ರಯೋಗಕ್ಕೆ ತಾವಾಗಿಯೇ ಮರಳಿದರು.

ಓದುಬರಹದ ಗತಿಯೇನು ಎಂದು ತಾಯಿತಂದೆಯರು ಕೇಳುವುದು ಸಹಜ. ಅಲ್ಲಿ ಅದಕ್ಕೆ ಅವಸರವಿರಲಿಲ್ಲ. ಮಾಡಿದ್ದನ್ನು ಬರೆದಿಡಬೇಕೆಂಬ ಆಸೆ ಮೂಡಿದಾಗ ಅಕ್ಷರ, ಅಳೆಯಬೇಕಾಗಿ ಬಂದಾಗ ಲೆಕ್ಕ. ಈ ನಿಶ್ಚಿಂತೆ ಮನೆಯಲ್ಲಿ ಪುಸ್ತಕವಿದ್ದ ಮಕ್ಕಳಿಗೆ ಒಗ್ಗೀತು. ಮನೆಯಲ್ಲಿ ಅಕ್ಷರವೇ ಇಲ್ಲದ ಮಗುವಿಗೆ ಶಾಲೆಯೂ ಅದನ್ನು ತಡಮಾಡಿದರೆ ಅದು ಎಲ್ಲಿಗೆ ಹೋಗಬೇಕು? ಅಲ್ಲಿಯ ಮಕ್ಕಳು ಬಹುಮಟ್ಟಿಗೆ ವಿದ್ಯಾವಂತರ ಮನೆಯವರೆಂಬುದನ್ನು ಮರೆತು ಈ ಶಾಲೆಯನ್ನು ಹೊಗಳುವುದು ನನ್ನಿಂದಾಗದು.

ಇನ್ನು ಉಪಾಧ್ಯಾಯರ ಮಾತು. ಪುಸ್ತಕವಿಲ್ಲದ ಪಾಠವೆಂದರೆ ಕಡಿಮೆ ಓದಿದವರಿಗೂ ಸಾಕೆಂದು ತಿಳಿಯುವವರಿದ್ದಾರೆ. ನಡೆದದ್ದು ಅದಕ್ಕೆ ವಿರುದ್ಧ. ಮಗು ಹತ್ತಿಯನ್ನು ಹಿಡಿದು ಯಾವ ಪ್ರಶ್ನೆ ಹಾಕೀತೆಂದು ಮೊದಲೇ ತಿಳಿಯದಿದ್ದುದರಿಂದ, ಅಡುಗೆ ಕಲಿಸುವವರಿಗೆ ರಸಾಯನಶಾಸ್ತ್ರವೂ ನೇಯ್ಗೆ ಕಲಿಸುವವರಿಗೆ ಚರಿತ್ರೆಯೂ ಬೇಕಾಯಿತು. 1902ರ ವೇಳೆಗೆ ಸುಮಾರು 140 ಮಕ್ಕಳಿಗೆ 23 ಉಪಾಧ್ಯಾಯರಿದ್ದರು, ಸಹಾಯಕರು ಬೇರೆ. ಯಾವ ಸರ್ಕಾರಿ ಶಾಲೆಗೆ ಈ ಭಾಗ್ಯ?

1903ರಲ್ಲಿ ಇನ್ನೊಂದು ಶಾಲೆ ಇದರೊಡನೆ ಸೇರಿತು. ಡ್ಯೂಯಿಯವರ ಪತ್ನಿ ಆಲಿಸ್ ಆಗ ಮುಖ್ಯೋಪಾಧ್ಯಾಯಿನಿ. ಆ ಹುದ್ದೆಯ ಬಗೆಗೆ ವಿಶ್ವವಿದ್ಯಾನಿಲಯದೊಡನೆ ಮನಸ್ತಾಪ ಬೆಳೆದು, 1904ರಲ್ಲಿ ಡ್ಯೂಯಿ ಷಿಕಾಗೋವನ್ನೇ ಬಿಟ್ಟರು. ಶಾಲೆ ಇಂದಿಗೂ ವಿಶ್ವವಿದ್ಯಾನಿಲಯದ ಆಶ್ರಯದಲ್ಲಿದೆ, ಬಹಳ ದೊಡ್ಡದಾಗಿ. ಆ ಮೊದಲ ವರ್ಷಗಳ ವಿವರ ನಮಗೆ ದೊರೆತಿರುವುದು ಅಲ್ಲಿ ಕಲಿಸಿದ್ದ ಇಬ್ಬರು ಸೋದರಿಯರು, ಕ್ಯಾಥರೀನ್ ಮೇಹ್ಯೂ ಮತ್ತು ಆನಾ ಎಡ್ವರ್ಡ್ಸ್, 1936ರಲ್ಲಿ ಹೊರತಂದ ಗ್ರಂಥದಿಂದ. ಉಪಾಧ್ಯಾಯರು ಬರೆದಿಟ್ಟ ವರದಿಗಳು ಅದಕ್ಕೆ ಆಧಾರ. ಪಠ್ಯಕ್ರಮದ ಪಟ್ಟಿಯನ್ನು ಅರಸಿ ಅದನ್ನು ತೆರೆದವರಿಗೆ, ಯಾವ ವಯಸ್ಸಿನ ಗುಂಪು ಏನು ಮಾಡಿತು, ಎಲ್ಲಿ ತೊಡಕಿಕೊಂಡಿತು, ಮುಂದೆ ಏನು ಕೇಳಿತು ಎಂಬುದು ಸಿಗುತ್ತದೆ.