ಬ್ಯಾಡಗಿಯ ಮೂಗಿಗೆ ಶಾಬ್ಲಿಯ ವೈನ್

ಸುಗ್ಗಿಯ ದಿನಗಳಲ್ಲಿ ಸೋಮವಾರ ಬೆಳಿಗ್ಗೆ ಬ್ಯಾಡಗಿಯ ಎಪಿಎಂಸಿ ಪ್ರಾಂಗಣಕ್ಕೆ ಕಾಲಿಟ್ಟರೆ ಮೊದಲು ಎದುರಾಗುವುದು ಬಣ್ಣ, ಅದರ ಹಿಂದೆಯೇ ಘಾಟು. ದಲಾಲಿ ಅಂಗಡಿಗಳ ಮುಂದೆ ಬಾಯಿ ಬಿಚ್ಚಿದ ಚೀಲಗಳ ಸಾಲು. ಒಂದರಲ್ಲಿ ಕಡುಗೆಂಪು, ಪಕ್ಕದ್ದರಲ್ಲಿ ಕಪ್ಪಿಗೆ ತಿರುಗಿದ ಕೆಂಪು, ಅದರಾಚೆ ಬಿಸಿಲಿಗೆ ಬಿಳಿಚಿದ ಕಾಯಿ. ಹಮಾಲರು ಟವೆಲನ್ನು ಮೂಗಿಗೆ ಬಿಗಿದುಕೊಂಡು ಚೀಲ ಹೊರುತ್ತಾರೆ. ಗೋಡೆಯ ನೆರಳಲ್ಲಿ ಸಾಲಾಗಿ ಕೂತ ಹೆಣ್ಣುಮಕ್ಕಳು ತೊಟ್ಟು ಬಿಡಿಸುತ್ತ ಮಾತಿಗೆ ಮಾತು ಜೋಡಿಸುತ್ತಾರೆ. ಗದಗ, ಧಾರವಾಡ, ಬಳ್ಳಾರಿ, ರಾಯಚೂರು ಸೀಮೆಯಿಂದ, ಆಂಧ್ರದ ಕರ್ನೂಲಿನಿಂದಲೂ ಬಂದ ಲಾರಿಗಳು ಇನ್ನೂ ಇಳಿಯುತ್ತಲೇ ಇರುತ್ತವೆ.

ಖರೀದಿದಾರನೊಬ್ಬ ಚೀಲದೊಳಗೆ ಮೊಣಕೈವರೆಗೆ ಕೈಯಿಳಿಸಿ ತಳದ ಕಾಯಿ ಹೊರತೆಗೆಯುತ್ತಾನೆ. ಮುಷ್ಟಿಯಲ್ಲಿ ಒತ್ತಿ ತೇವ ಎಷ್ಟಿದೆ ಎಂದು ಅಂದಾಜು ಮಾಡುತ್ತಾನೆ. ಸಿಪ್ಪೆಯ ನೆರಿಗೆಗಳ ಮೇಲೆ ಹೆಬ್ಬೆರಳು ಆಡಿಸುತ್ತಾನೆ. ಕಾಯಿ ಮುರಿದು, ಒಳಗಿನ ಬೀಜ ನೋಡಿ, ಮೂಗಿನ ಹತ್ತಿರ ಹಿಡಿದು ಒಂದು ಕ್ಷಣ ಸುಮ್ಮನಾಗುತ್ತಾನೆ. ಅವನು ಹುಡುಕುತ್ತಿರುವುದು ಖಾರವನ್ನಲ್ಲ. ಖಾರ ಬೇಕಾದವರಿಗೆ ಗುಂಟೂರು ಇದೆ. ಬ್ಯಾಡಗಿಯ ಬೆಲೆ ನಿಲ್ಲುವುದು ಬಣ್ಣದ ಮೇಲೆ, ಕಂಪಿನ ಮೇಲೆ. ಗಿಡ್ಡಗೆ ತುಂಬಿಕೊಂಡ ಡಬ್ಬಿ, ಉದ್ದಕ್ಕೆ ಸುಕ್ಕುಗಟ್ಟಿದ ಕಡ್ಡಿ, ಈ ಎರಡೂ ತಳಿಗಳ ಹಿರಿಮೆ ಅದೇ. 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದು ಈ ಗುಣಕ್ಕೆ. ಇದರಿಂದ ತೆಗೆಯುವ ಬಣ್ಣದ ಸಾರ, ಓಲಿಯೋರೆಸಿನ್, ಲಿಪ್‌ಸ್ಟಿಕ್ಕಿನವರೆಗೂ ಹೋಗುವುದು ಈ ಗುಣದಿಂದಲೇ.

ಖಾರ ಕಡಿಮೆ ಇರುವ ಮೆಣಸಿನಕಾಯಿಗೆ ಹೆಚ್ಚು ಬೆಲೆ ಕೊಡುವ ಊರಿದು. ಸಿಹಿಯಿಲ್ಲದ, ಹಣ್ಣಿನ ಘಮಲನ್ನೂ ಹಿಡಿತದಲ್ಲಿಟ್ಟುಕೊಂಡ, ತಣ್ಣನೆಯ ಸೀಮೆಯ ಬಿಳಿ ವೈನಿನ ಸೊಗಸು ಇಲ್ಲಿಯವರಿಗೆ ದಕ್ಕಿದಷ್ಟು ಬೇಗ ಬೇರೆಯವರಿಗೆ ದಕ್ಕಲಾರದು ಎಂಬುದು ನನ್ನ ದೃಢ ನಂಬಿಕೆ. ಎದ್ದು ಕೂಗುವ ರುಚಿಯನ್ನು ಬದಿಗಿಟ್ಟು ಅದರ ಹಿಂದಿರುವುದನ್ನು ಗುರುತಿಸುವ ಅಭ್ಯಾಸ ಇವರಿಗೆ ಕಸುಬಿನಿಂದಲೇ ಬಂದಿದೆ.

ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಸೇರಿ ರಾಣೆಬೆನ್ನೂರಿನ ಕಡೆ ತಿರುಗಿದರೆ ನೆಲ ತನ್ನ ಬಣ್ಣ ಬದಲಿಸುತ್ತ ಹೋಗುತ್ತದೆ. ಒಂದು ಕಡೆ ಬಿರುಕು ಬಿಟ್ಟ ಎರೆ, ಮತ್ತೊಂದು ಕಡೆ ಕೆಂಪು ಮಸಾರಿ, ನಡುನಡುವೆ ಬೀಜದ ಕಂಪನಿಗಳ ಪ್ಲಾಟುಗಳು. ಊರಾಚೆ ಕೃಷ್ಣಮೃಗಗಳ ಅಭಯಾರಣ್ಯದ ಕುರುಚಲು. ಅಲ್ಲಿಂದ ತುಸು ದೂರದ ತೋಟದ ಮನೆಯಲ್ಲಿ ಜನವರಿಯ ಸಂಜೆ ಇಳಿಯುತ್ತಿತ್ತು. ಮನೆಯೊಡೆಯರು ಮೆಣಸಿನಕಾಯಿ ವ್ಯಾಪಾರದಲ್ಲೇ ಕೂದಲು ಬೆಳ್ಳಗಾಗಿಸಿಕೊಂಡವರು. ಬೆಂಗಳೂರಿನಿಂದ ಬಂದ ಅವರ ಅಳಿಯ ಎರಡು ಬಾಟಲಿ ಬಿಳಿ ವೈನ್ ತಂದಿದ್ದರು: ಒಂದು ಫ್ರಾನ್ಸಿನ ಶಾಬ್ಲಿ, ಇನ್ನೊಂದು ನಂದಿಬೆಟ್ಟದ ತಪ್ಪಲಿನ ಸೋವಿನ್ಯೊ ಬ್ಲಾಂ.

ಶಾಬ್ಲಿ ಗ್ಲಾಸಿಗಿಳಿದಾಗ ಹಸಿರಿನ ಎಳೆಯಿರುವ ತಿಳಿ ಹೊನ್ನಿನ ಬಣ್ಣ. ಗಾಜಿನ ಹೊರಗೆ ಸಣ್ಣ ಹನಿಗಳು ಕಟ್ಟಿದವು. ಹಿರಿಯರು ಕುಡಿಯುವ ಆತುರ ತೋರಲಿಲ್ಲ. ಬೆಳಕಿಗೆ ಹಿಡಿದು ನೋಡಿದರು, ಆಡಿಸಿದರು, ಮೂಸಿದರು. ಮೊದಲ ಗುಟುಕಿಗೆ ಹುಬ್ಬು ಮೇಲೇರಿತು. "ಹುಳಿ ಐತ್ರಿ. ಆದ್ರ ಬರೇ ಹುಳಿ ಅಲ್ಲ." ಮತ್ತೆ ಮೂಸಿದರು. "ಸಾಲ್ಯಾಗ ಒದ್ದಿ ಅರಿವಿಲೆ ಪಾಟಿ ಒರಸ್ತಿದ್ವಿ ನೋಡ್ರಿ, ಆ ವಾಸನಿ."

ವೈನ್ ಬಲ್ಲವರು ಪುಟಗಟ್ಟಲೆ ಬರೆದು ಹೇಳಲು ಹೆಣಗುವುದನ್ನು ಅವರು ಒಂದು ಗುಟುಕಿಗೆ ಹಿಡಿದಿದ್ದರು. ಒದ್ದೆ ಕಲ್ಲು, ಚಕಮಕಿ ಕಲ್ಲಿನ ಕಿಡಿ, ಸಮುದ್ರದ ಉಪ್ಪು, ಸೀಮೆಸುಣ್ಣ: ಇಂಥ ನೆನಪು ತರಿಸುವ ವೈನನ್ನೇ 'ಮಿನರಲ್' ಎನ್ನುತ್ತಾರೆ. ಬರ್ಗಂಡಿಯ ಉತ್ತರ ತುದಿಯ ಶಾಬ್ಲಿಯಲ್ಲಿ ಶಾರ್ಡೊನೆ ದ್ರಾಕ್ಷಿ ಬೆಳೆಯುವುದು ಸುಮಾರು 15 ಕೋಟಿ ವರ್ಷ ಹಳೆಯ ಸುಣ್ಣದ ನೆಲದಲ್ಲಿ. ಅಲ್ಲಿನ ಕಲ್ಲು ಒಡೆದರೆ ಪುಟ್ಟ ಸಿಂಪಿಗಳ ಅಚ್ಚು ಕಾಣುತ್ತದೆ. ಜರ್ಮನಿಯ ಮೋಜೆಲ್ ನದಿಯ ಕಡಿದಾದ ದಂಡೆಯಲ್ಲಿ ರೀಸ್ಲಿಂಗ್ ದ್ರಾಕ್ಷಿ ಬೇರೂರಿರುವುದು ಪಾಟಿ ಕಲ್ಲಿನ ಚೂರುಗಳ ನಡುವೆ.

ಹಾಗೆಂದು ಬೇರು ಕಲ್ಲಿನ ರುಚಿಯನ್ನೇ ಹೀರಿ ಹಣ್ಣಿಗೆ ತರುತ್ತದೆ ಎಂದು ತಿಳಿಯಬಾರದು. ವೆಲ್ಷ್ ವಿಶ್ವವಿದ್ಯಾಲಯವೊಂದರಲ್ಲಿ ಪಾಠ ಮಾಡಿದ ಭೂವಿಜ್ಞಾನಿ ಅಲೆಕ್ಸ್ ಮಾಲ್ಟ್‌ಮನ್ ಇದನ್ನು ಬಿಡಿಸಿ ಹೇಳಿದ್ದಾರೆ: ಬಳ್ಳಿ ಹೀರುವುದು ನೀರಲ್ಲಿ ಕರಗಿದ ಪೋಷಕಾಂಶಗಳನ್ನು, ವೈನಿನಲ್ಲಿ ಉಳಿಯುವ ಅವುಗಳ ಪ್ರಮಾಣ ನಾಲಿಗೆಗೆ ಎಟುಕದಷ್ಟು ಸಣ್ಣದು. ಕಲ್ಲಿಗೆ ತನ್ನದೇ ವಾಸನೆಯೂ ಇಲ್ಲ. ಮುಂಗಾರಿನ ಮೊದಲ ಹನಿ ಎರೆಹೊಲಕ್ಕೆ ಬಿದ್ದಾಗ ಏಳುವ ಕಂಪನ್ನೇ ನೋಡಿ. ನೆಲದ ಸೂಕ್ಷ್ಮಜೀವಿಗಳು ಹುಟ್ಟಿಸುವ ಜಿಯೋಸ್ಮಿನ್, ಕಾದ ಮಣ್ಣು ಹಿಡಿದಿಟ್ಟ ಗಿಡದೆಣ್ಣೆಗಳು ಸೇರಿ ಅದಾಗುತ್ತದೆ. ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು 1964ರಲ್ಲಿ ಆ ಕಂಪಿನ ಬೆನ್ನುಹತ್ತಿದ್ದರು. ವೈನಿನಲ್ಲೂ ಹಾಗೆಯೇ: ಚುರುಕಾದ ಆಮ್ಲ, ಹುದುಗುವಾಗ ಹುಟ್ಟುವ ಗಂಧಕದ ಸೂಕ್ಷ್ಮ ಸಂಯುಕ್ತಗಳು, ಹಿಂದೆ ಸರಿದು ನಿಂತ ಹಣ್ಣಿನ ಕಂಪು, ಇವೆಲ್ಲ ಕೂಡಿದಾಗ ನಮ್ಮ ಮನಸ್ಸಿಗೆ ಕಲ್ಲು ನೆನಪಾಗುತ್ತದೆ. ಕಾರಣ ತಿಳಿದರೆ ಸೊಗಸು ಕುಗ್ಗುವುದಿಲ್ಲ. ಎಲ್ಲಿ ಮೂಗಿಡಬೇಕೆಂಬುದು ಇನ್ನಷ್ಟು ಸ್ಪಷ್ಟವಾಗುತ್ತದೆ.

ಈ ಹುಳಿಯನ್ನು ಕಾಯುವುದು ಚಳಿ. ದ್ರಾಕ್ಷಿಯಲ್ಲಿ ಮುಖ್ಯವಾಗಿ ಇರುವುದು ಎರಡು ಆಮ್ಲ. ಟಾರ್ಟಾರಿಕ್ ನಮ್ಮ ಹುಣಸೆಹಣ್ಣಿನಲ್ಲೂ ಇರುವಂಥದ್ದು, ಗಟ್ಟಿಮುಟ್ಟು. ಹಸಿರು ಸೇಬಿನ ಚುರುಕು ಕೊಡುವ ಮಾಲಿಕ್ ಮಾತ್ರ ಬಿಸಿಗೆ ನಿಲ್ಲುವುದಿಲ್ಲ; ಸೆಕೆಯ ದಿನ, ಸೆಕೆಯ ರಾತ್ರಿಗಳಲ್ಲಿ ಹಣ್ಣು ಅದನ್ನು ಉಸಿರಾಟಕ್ಕೆ ಸುಟ್ಟುಕೊಳ್ಳುತ್ತದೆ. ತಂಪು ಸೀಮೆಯಲ್ಲಿ ಹಣ್ಣು ನಿಧಾನ ಮಾಗುತ್ತದೆ, ಹುಳಿ ಉಳಿಯುತ್ತದೆ. ಆಮೇಲೆ ಸಕ್ಕರೆಯೆಲ್ಲ ಹುದುಗಿ ಮುಗಿದರೆ ಅದೇ ಡ್ರೈ ವೈನ್.

ನಮ್ಮಲ್ಲಿ ಆ ಚಳಿ ಇಲ್ಲ. ಇರುವುದು ಎತ್ತರ. ನಂದಿಬೆಟ್ಟದ ತಪ್ಪಲಿನಲ್ಲಿ ಗ್ರೋವರ್ ಕುಟುಂಬ 1988ರಲ್ಲಿ ಫ್ರೆಂಚ್ ತಳಿಗಳ ತೋಟ ಕಟ್ಟಿದ್ದು ಅಲ್ಲಿನ ತಂಪು ರಾತ್ರಿಗಳನ್ನು ನಂಬಿ. 2007ರಲ್ಲಿ ರಾಜ್ಯಕ್ಕೆ ವೈನ್ ನೀತಿಯೂ ಬಂತು. ಫ್ರಾನ್ಸಿನಲ್ಲಿ ಚಳಿಗಾಲಕ್ಕೆ ಮಲಗುವ ಬಳ್ಳಿ ಇಲ್ಲಿ ಮಲಗುವುದೇ ಇಲ್ಲ. ವರ್ಷಕ್ಕೆರಡು ಬಾರಿ ಚಾಟನಿ ಮಾಡಿ, ಮಳೆ ಮುಗಿದ ಮೇಲಿನ ಚಳಿಗೆ ಕಾಯಿ ಕಟ್ಟಿಸಿ, ಬೇಸಿಗೆ ಕಾವೇರುವ ಹೊತ್ತಿಗೆ ಕೊಯ್ಯುತ್ತಾರೆ. ಬ್ಯಾಡಗಿಗೆ ಮೆಣಸಿನಕಾಯಿ ಹರಿದುಬರುವ ದಿನಗಳೇ ಅವು. ನಂದಿಯ ಸೋವಿನ್ಯೊ ಬ್ಲಾಂನಲ್ಲಿ ಅಂದು ಪೇರಲ, ನಿಂಬೆ ಮುಂದೆ ಬಂದವು, ಕಲ್ಲು ಹಿಂದುಳಿಯಿತು. ಅದು ಕುಂದಲ್ಲ, ಆ ಬಿಸಿಲಿನ ಗುರುತು.

ಅಷ್ಟರಲ್ಲಿ ತುಂಗಭದ್ರೆಯ ಮೀನು ತವೆಯಿಂದಿಳಿದು ಬಂತು. ಮೈಗೆ ನೆನೆಸಿ ಅರೆದ ಬ್ಯಾಡಗಿಯ ಲೇಪ, ಹುಣಸೆ, ಬೆಳ್ಳುಳ್ಳಿ. ಆಲ್ಕೋಹಾಲ್ ಖಾರದ ಉರಿಯನ್ನು ಏರಿಸುತ್ತದೆ, ಹಾಗಾಗಿ ಹಸಿಮೆಣಸಿನ ಮಿರ್ಚಿ ಭಜಿಗೆ ಈ ವೈನ್ ಜೊತೆಯಾಗದು. ಬ್ಯಾಡಗಿಯ ಮಂದ ಖಾರಕ್ಕೆ ಆ ತೊಂದರೆಯಿಲ್ಲ. ಎಣ್ಣೆಯ ಜಿಡ್ಡನ್ನು ಶಾಬ್ಲಿಯ ಹುಳಿ ತೊಳೆದುಕೊಂಡು ಹೋಗಿ, ಮೆಣಸಿನ ಕಂಪು ಮಾತ್ರ ಬಾಯಲ್ಲಿ ನಿಂತಿತು.

ಉಳಿದ ಶಾಬ್ಲಿಗೆ ಬಿರಡೆ ಹಾಕಿ ಫ್ರಿಜ್ಜಿನಲ್ಲಿಟ್ಟು ಮರುದಿನ ಹಾವೇರಿಯಲ್ಲಿರುವ ಹಿರಿಯರ ಇನ್ನೊಬ್ಬ ಮಗಳ ಮನೆಗೆ ಒಯ್ದೆವು. ಮಧ್ಯಾಹ್ನ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಫ್ರಿಜ್ಜಿನಿಂದ ತೆಗೆದ ಕೂಡಲೇ ವೈನ್ ಬಾಯಿ ಬಿಡಲಿಲ್ಲ. ತೀರಾ ತಂಪಾದರೆ ಕಂಪು ಮುಚ್ಚಿಕೊಳ್ಳುತ್ತದೆ. ಕಾಲು ಗಂಟೆ ಹೊರಗಿಟ್ಟು 10 ಡಿಗ್ರಿಯ ಆಸುಪಾಸಿಗೆ ಬಂದಾಗ ಪಾಟಿಯ ವಾಸನೆ ಮತ್ತೆ ಎದ್ದಿತು, ಹಿಂದೆ ನಿಂಬೆಸಿಪ್ಪೆಯ ಕಹಿ. ಶೇಂಗಾದ ಉಪ್ಪಿಗೆ ಅದು ಚೆನ್ನಾಗಿ ಹೊಂದಿತು.

ದೊಡ್ಡ ಬೆಲೆಯ ಬಾಟಲಿ ಇದಕ್ಕೆ ಬೇಕಾಗಿಲ್ಲ, ದೊಡ್ಡ ಪದಕೋಶವೂ ಬೇಕಾಗಿಲ್ಲ. ಗ್ಲಾಸಿನ ಮೂರನೇ ಒಂದು ಪಾಲು ಸುರಿದುಕೊಳ್ಳಿ, ಎರಡು ಸಲ ಮೂಸಿ, ಗುಟುಕನ್ನು ನಾಲಿಗೆಯ ಬದಿಗಳಿಗೆ ತಾಗಿಸಿ, ನುಂಗಿದ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆ ಗಮನಿಸಿ. ಸಿಹಿ ಎಲ್ಲಿ ಎಂದು ಹುಡುಕಬೇಡಿ. ಬ್ಯಾಡಗಿಯ ಕಾಯಿ ಮುರಿದು ಮೂಸಿ ಬಲ್ಲವರಿಗೆ ಇದಕ್ಕಿಂತ ಹೆಚ್ಚಿನ ಪಾಠ ಹೇಳಬೇಕಿಲ್ಲ.